ಮಣಿ ಸರ ಗಿಡ್ಡ ಮಾಡೋದು, ಉದ್ದ ಮಾಡೋದು: ಮನೇಲೇ ಮಾಡ್ಕೊಳ್ಳೋರಿಗೆ ಹಂತ ಹಂತವಾಗಿ

ಈ ಶ್ರಾವಣದಲ್ಲಿ ನೆಂಟ್ರು, ಪಕ್ಕದ ಮನೆಯವ್ರು ಅಂತ ನಾಲ್ಕು ಜನ ಬಿಡಿ ಮಣಿಗಳನ್ನ ಡಬ್ಬೀಲಿ ತುಂಬ್ಕೊಂಡು ನನ್ನ ಹತ್ರ ಬಂದ್ರು, ನಾಲ್ಕೂ ಜನರ ಕಥೆ ಒಂದೇ. ಸರ ಉದ್ದ ಅನ್ನಿಸ್ತು, ಕತ್ತರಿ ತಗೊಂಡು ಎಲ್ಲೋ ಮಧ್ಯದಲ್ಲಿ ಕಟ್ ಮಾಡಿದ್ರು, ನಾಲ್ಕು ಮಣಿ ತೆಗೆದ್ರು, ಹೊಲಿಗೆ ದಾರದಲ್ಲಿ ಪೋಣಿಸಿ ಗಂಟು ಹಾಕಿದ್ರು, ಛತ್ರದಲ್ಲಿ ಊಟಕ್ಕೆ ಕೂತಾಗ ಸರ ಕಿತ್ತು ಎಲೆ ಮೇಲೆ ಬಿತ್ತು. ಇವ್ರ್ಯಾರಿಗೂ ಕೈಕೆಲಸ ಬರಲ್ಲ ಅಂತೇನಿಲ್ಲ, ಒಬ್ಬರಂತೂ ಆರಿ ವರ್ಕ್ ಎಷ್ಟು ಚೆನ್ನಾಗಿ ಮಾಡ್ತಾರೆ ಅಂದ್ರೆ ನೋಡ್ಬೇಕು. ಎಲ್ರೂ ಎಡವಿರೋದು ಕೆಲಸದ ಕ್ರಮದಲ್ಲಿ. ಕತ್ತರಿ ಆರನೇ ಹಂತದಲ್ಲಿ ಬರ್ಬೇಕು, ಇವ್ರು ಮೊದಲನೇದಕ್ಕೇ ತಗೊಂಡಿದಾರೆ. ಅದಕ್ಕೆ ಪೂರ್ತಿಯಾಗಿ ಬರೀತಿದೀನಿ, ದಯವಿಟ್ಟು ಕೊನೇವರೆಗೂ ಓದಿ ಆಮೇಲೆ ಸರ ಮುಟ್ಟಿ.

ಹಂತ 1: ಸರ ಯಾವುದ್ರಲ್ಲಿ ಪೋಣಿಸಿದೆ ಅಂತ ನೋಡಿ

ಕಿಟಕಿ ಹತ್ರ ಬೆಳಕಲ್ಲಿ ಎರಡು ಮಣೀನ ಮೆಲ್ಲಗೆ ಸರಿಸಿ ಮಧ್ಯ ಏನು ಕಾಣುತ್ತೆ ನೋಡಿ. ತಂತಿ ತರ ಸ್ವಲ್ಪ ಬಿಗಿಯಾಗಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ರೆ ಅದು ಗೇರ್ ವೈರ್, ಒಳಗೆ ಸಣ್ಣ ಸ್ಟೀಲ್ ಎಳೆಗಳು ಮೇಲೆ ನೈಲಾನ್. ಹುಕ್ ಹತ್ರ ಒಂದು ಸಾಸಿವೆ ಕಾಳಷ್ಟು ಚಪ್ಪಟೆ ಲೋಹದ ಚೂರು ಇರುತ್ತೆ, ಅದೇ ಗೇರ್ ಲಾಕ್, ಒತ್ತಿದ್ರೆ ವೈರನ್ನ ಕಚ್ಚಿ ಹಿಡಿಯುತ್ತೆ. ಮೆತ್ತಗೆ ಬಟ್ಟೆ ದಾರದ ತರ ಇದ್ರೆ ರೇಷ್ಮೆ ಅಥವಾ ನೈಲಾನ್ ದಾರ. ಪ್ರತೀ ಮಣಿ ಮಧ್ಯ ಗಂಟಿದ್ರೆ ಬಹುಶಃ ಮುತ್ತು ಅಥವಾ ಒಳ್ಳೇ ಕಲ್ಲಿನ ಸರ, ಅದರ ದಾರಿ ಬೇರೆ. ಒಂದೊಂದು ಮಣಿಗೂ ಎರಡೂ ಕಡೆ ತಂತಿ ಸುರುಳಿ ಇದ್ದು ಒಂದಕ್ಕೊಂದು ಸೇರ್ಕೊಂಡಿದ್ರೆ ಅದು ಕೊಂಡಿ ಸರ. ಎಳೆದ್ರೆ ಹಿಗ್ಗಿದ್ರೆ ಎಲಾಸ್ಟಿಕ್.

ಚಿನ್ನದ ತಂತೀಲಿ ಕಟ್ಟಿರೋ ಕರಿಮಣಿ, ಅಜ್ಜಿ ಕಾಲದ ಹವಳ ಚಿನ್ನದ ಗುಂಡು ಸೇರಿರೋ ಸರ, ಇವನ್ನ ಮನೇಲಿ ಬಿಚ್ಬೇಡಿ. ಚಿನ್ನದ ಕೊಂಡಿ ಪದೇ ಪದೇ ಬಗ್ಗಿಸಿದ್ರೆ ಮುರೀಬೋದು, ಬೆಸುಗೆ ಮನೇಲಿ ಹಾಕೋಕಾಗಲ್ಲ. ಗೊತ್ತಿರೋ ಅಕ್ಕಸಾಲಿಗರ ಹತ್ರ ತಗೊಂಡೋಗಿ, ಕೊಡೋ ಮೊದ್ಲು ತೂಕ ಹಾಕ್ಸಿ ಬರೆಸ್ಕೊಳ್ಳಿ, ಮಣಿ ಎಣಿಸಿ ಫೋಟೋ ತೆಗೆದಿಟ್ಕೊಳ್ಳಿ. ತಾಳಿ ಸರ ಆದ್ರೆ ಬಿಚ್ಚೋಕೆ ಮೊದ್ಲೇ ಅರಿಶಿನದ ದಾರಕ್ಕೆ ಕೊಂಬು ಕಟ್ಟಿ ರೆಡಿ ಇಟ್ಕೊಳ್ಳಿ, ಎಷ್ಟೋ ಜನ ಸರ ಬಿಚ್ಚಿದ್ಮೇಲೆ ಅರಿಶಿನದ ಕೊಂಬು ಹುಡುಕ್ತಾ ಓಡಾಡ್ತಾರೆ.

ಜಪಮಾಲೆ ಆಗಿದ್ರೆ ಇನ್ನೊಂದು ಮಾತು. ಅದ್ರಲ್ಲಿ 108 ಮಣಿ, ಮೇಲೊಂದು ಮೇರುಮಣಿ, ಉದ್ದ ಆಯ್ತು ಅಂತ ಮಣಿ ತೆಗೆಯೋ ಹಾಗಿಲ್ಲ. ಆದ್ರೆ ಮಣಿ ಮಧ್ಯದ ಗಂಟು ತೆಗೆದು ಪೋಣಿಸ್ಬೋದು, ಒಂದು ಗಂಟು ಸುಮಾರು 1 ಮಿಮೀ ಅಂದ್ರೂ 108 ಗಂಟಿಗೆ ಹತ್ತಿರಹತ್ತಿರ 4 ಇಂಚು ಕಮ್ಮಿ ಆಗುತ್ತೆ.

ಹಂತ 2: ಅಳತೆ, ಇಲ್ಲೇ ಅರ್ಧ ಜನ ತಪ್ಪೋದು

ಯಾವ ಬ್ಲೌಸ್ ಜೊತೆ ಹಾಕ್ತೀರೋ ಆ ಬ್ಲೌಸ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೊಳ್ಳಿ. ಟೈಲರ್ ಟೇಪ್ ಇಲ್ಲಾಂದ್ರೆ ಒಂದು ದಪ್ಪ ದಾರಾನ ಕತ್ತಿಗೆ ಹಾಕಿ, ಎಲ್ಲಿಗೆ ಬರ್ಬೇಕೋ ಅಲ್ಲಿಗೆ ಬಿಟ್ಟು, ಹಿಂದೆ ಪೆನ್‌ನಲ್ಲಿ ಗುರುತು ಮಾಡಿ, ಸ್ಕೇಲ್ ಮೇಲಿಟ್ಟು ಅಳೀರಿ. ಸರಾನ ಟವೆಲ್ ಮೇಲೆ ನೇರವಾಗಿ ಮಲಗಿಸಿ ಹುಕ್ ಸೇರಿಸಿ ಅಳೀರಿ, ಕೈಯಲ್ಲಿ ತೂಗಾಡ್ಸಿ ಅಳೀಬೇಡಿ.

ಅಂದಾಜಿಗೆ ಹೇಳ್ತೀನಿ, 14ರಿಂದ 16 ಇಂಚು ಅಂದ್ರೆ ಕತ್ತಿಗೆ ಅಂಟಿರೋ ಚೋಕರ್, 18 ಇಂಚು ಕಾಲರ್ ಮೂಳೆ ಹತ್ರ, 20ರಿಂದ 24 ಅಂದ್ರೆ ಎದೆ ಮೇಲ್ಭಾಗಕ್ಕೆ, 28ರಿಂದ ಮೇಲೆ ಎಲ್ಲಾ ಉದ್ದನೆ ಹಾರ. ಹುಕ್ ಇಲ್ದೆ ತಲೆ ಮೇಲಿಂದ ಹಾಕ್ಕೊಳ್ಳೋ ಸರಾನ 24 ಇಂಚಿಗಿಂತ ಕಮ್ಮಿ ಮಾಡ್ಬೇಡಿ, ದೊಡ್ಡೋರ ತಲೆ ಸುತ್ತಳತೇನೇ 22 ಇಂಚು ಆಸುಪಾಸು ಇರುತ್ತೆ, ತುರುಬು ಹೂವು ಇದ್ರೆ ಇನ್ನೂ ಜಾಸ್ತಿ. ಕಮ್ಮಿ ಮಾಡ್ಲೇಬೇಕು ಅಂದ್ರೆ ಹುಕ್ ಸೇರಿಸ್ಬೇಕಾಗುತ್ತೆ.

ಈಗ ಎರಡು ಲೆಕ್ಕ, ಇವೆರಡೂ ಯಾರೂ ಹೇಳ್ಕೊಡಲ್ಲ. ಒಂದು, ಪದಕ 2 ಇಂಚು ಮೇಲೆ ಬರ್ಬೇಕು ಅಂದ್ರೆ ಸರದಲ್ಲಿ 2 ಇಂಚು ತೆಗೆದ್ರೆ ಸಾಲಲ್ಲ, 4 ಇಂಚು ತೆಗೀಬೇಕು, ಯಾಕಂದ್ರೆ ಸರ ಕತ್ತಿನ ಎರಡೂ ಕಡೆಯಿಂದ ಇಳಿಯುತ್ತೆ, 2 ಇಂಚು ತೆಗೆದ್ರೆ ಒಂದೊಂದು ಕಡೆ 1 ಇಂಚು ಮಾತ್ರ ಏರುತ್ತೆ. ಇನ್ನೊಂದು, ದಪ್ಪ ಮಣಿ ಸರ ಮಲಗಿಸಿದಾಗ ಎಷ್ಟಿರುತ್ತೋ ಕತ್ತಿಗೆ ಅಷ್ಟು ಸಿಗಲ್ಲ. ಸುತ್ತು ಹಾಕಿದಾಗ ಒಳಸುತ್ತು ಮಣಿ ಗಾತ್ರದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತೀನೇ ಕಮ್ಮಿ ಆಗುತ್ತೆ, ಅಂದ್ರೆ 10 ಮಿಮೀ ಮಣಿ ಆದ್ರೆ 31 ಮಿಮೀ, ಹೆಚ್ಚು ಕಮ್ಮಿ 1 ಕಾಲು ಇಂಚು. ಉದ್ದನೆ ಹಾರಕ್ಕೆ ಇದು ಗೊತ್ತಾಗಲ್ಲ, ಚೋಕರ್‌ಗೆ ಮಾತ್ರ ಈ ಲೆಕ್ಕ ಬಿಟ್ರೆ ಉಸಿರು ಕಟ್ಟೋ ಹಾಗೆ ಕೂರುತ್ತೆ.

ಎಷ್ಟು ಮಣಿ ತೆಗೀಬೇಕು ಅನ್ನೋದು ಸುಲಭ. 1 ಇಂಚು ಅಂದ್ರೆ 25.4 ಮಿಮೀ, ಅದನ್ನ ಮಣಿ ಗಾತ್ರದಿಂದ ಭಾಗಿಸಿ. 4 ಮಿಮೀ ಮಣಿ ಇಂಚಿಗೆ 6, 6 ಮಿಮೀದು 4, 8 ಮಿಮೀದು 3. ಗಂಟಿದ್ರೆ ಮಣಿ ಗಾತ್ರಕ್ಕೆ 1 ಮಿಮೀ ಸೇರಿಸ್ಕೊಳ್ಳಿ. ಯಾವಾಗ್ಲೂ ಸಮ ಸಂಖ್ಯೆಗೆ ನಿಲ್ಲಿಸಿ, ಎರಡೂ ಕಡೆಯಿಂದ ಸಮ ತೆಗೀಬೇಕಲ್ಲ. 8 ಮಿಮೀ ಮಣೀಲಿ 2 ಇಂಚು ಕಮ್ಮಿ ಬೇಕಂದ್ರೆ 6 ಮಣಿ, ಆ ಕಡೆ 3 ಈ ಕಡೆ 3.

ಹಂತ 3: ಕಟ್ ಮಾಡ್ದೆ ಆಗುತ್ತಾ ನೋಡಿ

ಉದ್ದ ಬೇಕಾದ್ರೆ 2 ಇಂಚಿನ ಎಕ್ಸ್‌ಟೆನ್ಷನ್ ಚೈನ್ ಹುಕ್‌ಗೆ ಸಿಗಿಸಿದ್ರೆ ಮುಗೀತು. ತುದೀಲಿ ರಿಂಗ್ ಇರೋ ಸೆಟ್‌ಗಳಿಗೆ ಬ್ಯಾಕ್ ಡೋರಿ ಹಾಕಿ, ಹಿಂದೆ ಕುಚ್ಚು ಇರುತ್ತಲ್ಲ ಅದು, ಮೇಲೆ ಕೆಳಗೆ ಜಾರಿಸಿ ಒಂದೇ ಸರಾನ ಚೋಕರ್ ತರಾನೂ ಹಾಕ್ಬೋದು ಸ್ವಲ್ಪ ಇಳಿಬಿಟ್ಟೂ ಹಾಕ್ಬೋದು. ಗಿಡ್ಡ ಬೇಕಾದ್ರೆ, ಹಿಂದೆ ಚೈನ್ ಇದ್ರೆ ಹುಕ್ಕನ್ನ ಒಳಗಿನ ಕೊಂಡಿಗೇ ಹಾಕಿ ಉಳಿದಿದ್ದನ್ನ ಹಾಗೇ ಬಿಡಿ, ಜಡೆ ಕೆಳಗೆ ಕಾಣಲ್ಲ.

ವರ್ಷಕ್ಕೆ ಒಂದು ಸಲ ಹಾಕೋ ಸರ ಆದ್ರೆ ನನ್ನ ಪ್ರಕಾರ ಇಷ್ಟು ಸಾಕು, ಬಿಚ್ಚೋಕೆ ಹೋಗ್ಬೇಡಿ. ತಂಗಿ ಸರ, ಅತ್ತೆ ಸರ ಅಂತ ಇಬ್ರು ಮೂರು ಜನ ಹಾಕ್ಕೊಳ್ಳೋ ಮನೇಲಂತೂ ಡೋರಿನೇ ಸರಿ.

ಹಂತ 4: ಸಾಮಾನು ಪೂರ್ತಿ ತಂದ್ಮೇಲೇ ಕೂರಿ

ಬೆಂಗಳೂರಲ್ಲಿ ಚಿಕ್ಕಪೇಟೆ ಮೆಟ್ರೋ ಇಳಿದು ಮಾಮೂಲ್‌ಪೇಟೆ ಕಡೆ ನಡೆದ್ರೆ ಇದೆಲ್ಲಾ ಒಂದೇ ಬೀದೀಲಿ ಸಿಗುತ್ತೆ, ಭಾನುವಾರ ಬಹಳ ಅಂಗಡಿ ಬಾಗ್ಲು ಹಾಕಿರುತ್ತೆ ಅದೊಂದು ನೆನಪಿರ್ಲಿ. ಹೋಗುವಾಗ ಸರಾನೂ ಜೊತೇಲಿ ತಗೊಂಡೋಗಿ, ಮಣಿ ತೂತಿನ ಗಾತ್ರ ನೋಡಿ ದಾರ ಕೊಡಿ ಅಂತ ಕೇಳಿ.

ಬೇಕಾಗಿರೋದು: ಗೇರ್ ವೈರ್, ಹಗುರ ಮಣಿಗೆ 0.38 ಮಿಮೀ, ಭಾರದ ಕಲ್ಲಿಗೆ 0.45 ಮಿಮೀ ಆಸುಪಾಸಿಂದು. 2 ಮಿಮೀ ಗೇರ್ ಲಾಕ್, ಒಂದೆರಡು ಹಾಳಾಗೋದು ಗ್ಯಾರಂಟಿ, ಪ್ಯಾಕೆಟ್ಟೇ ತಗೊಳ್ಳಿ. ಹುಕ್, ಜಂಪ್ ರಿಂಗ್ ಅಂದ್ರೆ ಬಾಯಿ ತೆಗೆದು ಮುಚ್ಬೋದಾದ ಸಣ್ಣ ಲೋಹದ ಬಳೆ. ಚೂಪು ಮೂತಿ ನೋಸ್ ಪ್ಲೈಯರ್ ಎರಡು, ಹಲ್ಲಿಲ್ದೆ ಇರೋದು, ಹಲ್ಲಿರೋ ಎಲೆಕ್ಟ್ರಿಷಿಯನ್ ಪ್ಲೈಯರ್ ಲಾಕನ್ನ ಕಚ್ಚಿ ಗೀರಿ ಬಿಡುತ್ತೆ. ಸಣ್ಣ ಕಟರ್ ಒಂದು. ಮುತ್ತಿಗೆ ಸೂಜಿ ಸೇರ್ಕೊಂಡೇ ಬರೋ ರೇಷ್ಮೆ ದಾರದ ಕಾರ್ಡ್, 2 ಮೀಟರ್ ಇರುತ್ತೆ, ನಂಬರ್ 2 ಅಂದ್ರೆ 0.45 ಮಿಮೀ, ನಂಬರ್ 4 ಅಂದ್ರೆ 0.60 ಮಿಮೀ.

ಹೊಲಿಗೆ ದಾರ ಬೇಡ್ವೇ ಬೇಡ. ಮಣಿ ತೂತಿನ ಅಂಚು ಗರಗಸ ಇದ್ದ ಹಾಗೆ, ಪ್ರತೀ ಸಲ ಕತ್ತು ತಿರುಗಿಸಿದಾಗ ಸ್ವಲ್ಪ ಸ್ವಲ್ಪ ಕೊಯ್ಯುತ್ತೆ, ಗಾಜಿನ ಮಣೀದಂತೂ ಕೇಳ್ಬೇಡಿ. ಮೀನು ಹಿಡಿಯೋ ನೈಲಾನ್ ದಾರಾನೂ ಬೇಡ, ಮೊದ್ಲು ಗಟ್ಟಿ ಅನ್ಸುತ್ತೆ, ಆಮೇಲೆ ಹಿಗ್ಗುತ್ತೆ, ಗಂಟು ಜಾರುತ್ತೆ, ಹಳೇದಾದ್ರೆ ಪಟ್ ಅಂತ ಮುರಿಯುತ್ತೆ. ಎಲಾಸ್ಟಿಕ್ ಬಳೆಗೆ ಸರಿ, ಸರಕ್ಕಲ್ಲ, ಅದ್ರಲ್ಲಿ ಪೋಣಿಸಿರೋ ಸರ ಬಂದ್ರೆ ನಾನು ಪೂರ್ತಿ ಗೇರ್ ವೈರ್‌ಗೆ ಬದಲಾಯಿಸ್ತೀನಿ.

ಹಂತ 5: ಜಾಗ ಮಾಡ್ಕೊಳ್ಳಿ, ಫೋಟೋ ತೆಗೀರಿ

ನೆಲದ ಮೇಲೆ ಮೊದ್ಲು ಒಂದು ಬೆಡ್‌ಶೀಟ್, ಅದರ ಮೇಲೆ ದಪ್ಪ ಟರ್ಕಿ ಟವೆಲ್. ಸ್ಟೀಲ್ ತಟ್ಟೇಲಿ ಮಾಡ್ಬೇಡಿ, ಮಣಿ ಪುಟಿದು ಆಚೆ ಹಾರುತ್ತೆ. ನಮ್ಮ ಬೆಂಗಳೂರಿನ ಹಳೇ ಮನೆಗಳ ಮೊಸಾಯಿಕ್ ನೆಲದ ಮೇಲೆ ಒಂದು ಮಣಿ ಬಿದ್ರೆ ದೇವ್ರೇ ಬಂದ್ರೂ ಸಿಗಲ್ಲ, ಅಕಸ್ಮಾತ್ ಬಿದ್ರೆ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ನೆಲಕ್ಕೆ ಅಡ್ಡಡ್ಡ ಹಿಡೀರಿ, ಮಣಿ ನೆರಳು ಉದ್ದಕ್ಕೆ ಬೀಳುತ್ತೆ, ಕಣ್ಣಿಗೆ ಕಾಣುತ್ತೆ. ಸಣ್ಣ ಮಕ್ಳಿದ್ರೆ ಅವ್ರು ಮಲಗಿದ್ಮೇಲೆ ಕೂರಿ, ಮಣಿ ಬಾಯಿಗೆ ಹೋದ್ರೆ ಅಪಾಯ, ಕತ್ತರಿಸಿದ ವೈರ್ ಚೂರು ಕಾಲಿಗೆ ಚುಚ್ಚಿದ್ರೂ ಅಷ್ಟೇ.

ಸರ ಮಲಗಿಸಿ ಮೇಲಿಂದ ಫೋಟೋ ತೆಗೀರಿ, ಪದಕದ ಹತ್ರ ಒಂದು, ಹುಕ್ ಹತ್ರ ಒಂದು. ಮಧ್ಯ ದಪ್ಪ ಮಣಿ ಇದ್ದು ಹಿಂದಕ್ಕೆ ಹೋಗ್ತಾ ಸಣ್ಣ ಆಗೋ ಸರಗಳಿರುತ್ತಲ್ಲ, ಆ ಕ್ರಮ ಒಂದ್ಸಲ ತಪ್ಪಿದ್ರೆ ಮತ್ತೆ ಜೋಡಿಸೋಕೆ ಅರ್ಧ ದಿನ ಬೇಕು. ಟವೆಲ್ಲನ್ನ ಉದ್ದಕ್ಕೆ ಮಡಚಿ ಮಧ್ಯ ಒಂದು ಕಾಲುವೆ ತರ ಮಾಡ್ಕೊಳ್ಳಿ, ಬಿಚ್ಚಿದ ಮಣಿ ಅದೇ ಸಾಲಲ್ಲಿ ಕೂರುತ್ತೆ.

ಹಂತ 6: ಈಗ ಕತ್ತರಿ

ಮೊದ್ಲು ಸರದ ಮಧ್ಯ ಭಾಗಾನ ಟವೆಲ್‌ಗೆ ಸೆಲ್ಲೋಟೇಪ್ ಹಾಕಿ ಹಿಡಿಸಿ, ಅಂಟು ಇರೋ ಕಡೆ ಮುತ್ತಿಗೆ ತಾಕ್ಬಾರ್ದು, ಮಧ್ಯ ಒಂದು ಕಾಗದ ಇಡಿ. ಕಟ್ ಮಾಡೋ ಜಾಗ ಒಂದೇ: ಲಾಕ್ ಮತ್ತು ಹುಕ್ ಮಧ್ಯ. ಗಂಟಿಲ್ಲದ ಸರದಲ್ಲಿ ಮಣಿಗಳ ನಡುವೆ ಯಾವತ್ತೂ ಕತ್ತರಿ ಹಾಕ್ಬೇಡಿ, ಗಂಟಿನ ಸರದ್ದು ಹಂತ 8ರಲ್ಲಿದೆ. ಹುಕ್ ಹತ್ರ ಕಟ್ ಮಾಡಿದ್ರೆ ವೈರ್ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತೆ, ನೀವು ತೆಗೆದ ಮಣಿಗಳ ಉದ್ದ ಅಷ್ಟೂ ಬಾಲವಾಗಿ ಉಳಿಯುತ್ತೆ, ಅದ್ರಲ್ಲೇ ಮತ್ತೆ ಲಾಕ್ ಹಾಕ್ಬೋದು.

ಒಂದು ಕಡೆ ಕಟ್ ಮಾಡಿ, ಲೆಕ್ಕದ ಮಣಿ ತೆಗೆದು, ಹುಕ್ ಹಾಕಿ ಮುಗಿಸಿ, ಆಮೇಲೆ ಇನ್ನೊಂದು ಕಡೆ. ಎರಡೂ ತುದಿ ಒಟ್ಟಿಗೆ ಬಿಚ್ಚಿದ್ರೆ ಒಂದು ಕಡೆ ಎತ್ತಿದಾಗ ಇನ್ನೊಂದು ಕಡೆಯಿಂದ ಎಲ್ಲಾ ಸುರಿಯುತ್ತೆ. ಮಣಿ ತೆಗೆಯೋದು ಹಿಂದಿನಿಂದ ಮಾತ್ರ, ಎರಡೂ ಕಡೆ ಸಮ, ಇಲ್ಲಾಂದ್ರೆ ಪದಕ ಒಂದ್ ಕಡೆ ವಾಲುತ್ತೆ. ಎಲ್ಲಾ ಮಣಿ ಒಂದೇ ಗಾತ್ರ ಇದ್ದು ಪದಕಾನೂ ಇಲ್ಲಾಂದ್ರೆ ಒಂದೇ ಕಡೆಯಿಂದ ತೆಗೆದ್ರೂ ನಡೆಯುತ್ತೆ, ಅರ್ಧ ಕೆಲಸ ಉಳೀತು.

ಬಾಲ 2 ಇಂಚಿಗಿಂತ ಕಮ್ಮಿ ಇದ್ರೆ ಲಾಕ್ ಹಾಕೋಕೆ ಕೈ ಸಿಗಲ್ಲ. ಆಗ, ಮತ್ತೆ ವೈರ್ ಎಲ್ಲಾದ್ರೂ ಮಡಚಿದ ಗುರುತಿದ್ರೆ, ನೈಲಾನ್ ಸುಲಿದು ಸ್ಟೀಲ್ ಕಾಣ್ತಿದ್ರೆ, ದಾರ ಕಪ್ಪಾಗಿದ್ರೆ, ಜಿಪುಣತನ ಮಾಡ್ದೆ ಹೊಸದ್ರಲ್ಲಿ ಪೂರ್ತಿ ಪೋಣಿಸಿ. ಹೊಸ ವೈರ್ ಸರದ ಉದ್ದಕ್ಕಿಂತ 6 ಇಂಚು ಜಾಸ್ತಿ ತಗೊಳ್ಳಿ.

ಹಂತ 7: ಗೇರ್ ಲಾಕ್ ಹಾಕೋದು

ವೈರ್ ತುದಿಗೆ ಮೊದ್ಲು ಲಾಕ್ ಪೋಣಿಸಿ, ಆಮೇಲೆ ಹುಕ್‌ನ ರಿಂಗ್, ಮತ್ತೆ ವೈರನ್ನ ವಾಪಸ್ ಅದೇ ಲಾಕ್ ಒಳಗಿಂದ ತಂದು ಮುಂದಿನ ಮೂರು ನಾಲ್ಕು ಮಣಿ ಒಳಗೆ ತೂರಿಸಿ. ಲಾಕ್ ಒಳಗೆ ಎರಡು ವೈರ್ ಪಕ್ಕಪಕ್ಕ ಇರ್ಬೇಕು, ಒಂದರ ಮೇಲೊಂದು ಹತ್ತಿದ್ರೆ ಒತ್ತಿದಾಗ ಒಂದು ಇನ್ನೊಂದನ್ನ ಕೊಯ್ಯುತ್ತೆ.

ಈಗ ಅತೀ ಮುಖ್ಯದ್ದು. ಲಾಕ್ ಒತ್ತೋ ಮೊದ್ಲು ಸರಾನ ಕತ್ತಿನ ಆಕಾರಕ್ಕೆ ಗುಂಡಗೆ ಬಗ್ಗಿಸಿ ನೋಡಿ. ನೇರ ಇಟ್ಟು ಗಟ್ಟಿಯಾಗಿ ಎಳೆದು ಲಾಕ್ ಮಾಡಿದ್ರೆ ಕತ್ತಿಗೆ ಹಾಕಿದಾಗ ಸರ ಕಡ್ಡಿ ತರ ನಿಲ್ಲುತ್ತೆ, ಅಲ್ಲಲ್ಲಿ ಮೂಲೆ ಮೂಲೆಯಾಗಿ ಮುರಿದ ಹಾಗೆ ಕಾಣುತ್ತೆ, ಎಲ್ಲಾ ಭಾರ ಲಾಕ್ ಮೇಲೇ ಬಿದ್ದು ವಾರದಲ್ಲಿ ಕಿತ್ತೋಗುತ್ತೆ. ಒಟ್ಟಾರೆ 1ರಿಂದ 2 ಮಿಮೀ ಸಡಿಲ ಇರ್ಲಿ, ಮಣಿಗಳು ಸ್ವಲ್ಪ ಅಲ್ಲಾಡ್ಬೇಕು ಆದ್ರೆ ವೈರ್ ಕಾಣ್ಬಾರ್ದು. ಕಿತ್ತು ಬಂದಿರೋ ಸರಗಳಲ್ಲಿ ನಾನು ಅತಿ ಹೆಚ್ಚು ನೋಡೋದು ಇದನ್ನೇ, ಗಟ್ಟಿ ಇರ್ಲಿ ಅಂತ ಎಳೆದಿರ್ತಾರೆ, ಆ ಎಳೆತಕ್ಕೇ ಕಿತ್ತೋಗಿರುತ್ತೆ.

ಲಾಕ್ ಒತ್ತೋವಾಗ ಒಂದೇ ಸಲಕ್ಕೆ ಪೂರ್ತಿ ಬಲ ಹಾಕ್ಬೇಡಿ, ಮೊದ್ಲು ಅರ್ಧ ಒತ್ತಿ, ವೈರ್ ಜಾಗದಲ್ಲಿದೆಯಾ ನೋಡಿ, ಆಮೇಲೆ ಚಪ್ಪಟೆ ಆಗೋವರ್ಗೂ ಒತ್ತಿ. ಹುಕ್ ಹಿಡಿದು ಎಳೀರಿ, ಜಾರಿದ್ರೆ ಆ ಲಾಕ್ ಮೇಲೇ ಮತ್ತೆ ಒತ್ಬೇಡಿ, ಕತ್ತರಿಸಿ ಹೊಸದು ಹಾಕಿ. ಉಳಿದ ಬಾಲಾನ ಮಣಿ ಒಳಗೆ ಅಡಗೋ ಹಾಗೆ ಕಟ್ ಮಾಡಿ, ತುದಿ ಆಚೆ ಇದ್ರೆ ರೇಷ್ಮೆ ಸೀರೆ ಎಳೆ ಕೀಳುತ್ತೆ.

ಜಂಪ್ ರಿಂಗ್ ತೆಗೆಯೋವಾಗ ಎರಡು ಪ್ಲೈಯರಲ್ಲಿ ಹಿಡಿದು ಒಂದನ್ನ ಮುಂದಕ್ಕೆ ಒಂದನ್ನ ಹಿಂದಕ್ಕೆ ತಿರುಗಿಸಿ, ಬಾಯಿ ಅಗಲಿಸಿ ತೆಗೆದ್ರೆ ಮತ್ತೆ ಗುಂಡಗಾಗಲ್ಲ.

ಹಂತ 8: ಮುತ್ತಿನ ಸರ, ಗಂಟಿನ ಸರ

ಇದ್ರಲ್ಲಿ ಎರಡು ಮಣಿ ತೆಗೆದು ಉಳಿದಿದ್ದನ್ನ ಹಾಗೇ ಕಟ್ಟೋಕಾಗಲ್ಲ, ಪೂರ್ತಿ ಹೊಸ ದಾರ ಬೇಕು. ಗಂಟುಗಳನ್ನ ಒಂದೊಂದಾಗಿ ಸಣ್ಣ ಚೂಪು ಕತ್ತರಿಯಿಂದ ಕಟ್ ಮಾಡಿ, ಎಳೆದು ಕೀಳ್ಬೇಡಿ, ತೂತಿನ ಅಂಚಲ್ಲಿ ಮುತ್ತಿನ ಪದರ ಎದ್ದು ಬರುತ್ತೆ.

ರೇಷ್ಮೆ ದಾರಾನ ಹಿಂದಿನ ರಾತ್ರಿನೇ ಒಂದು ಸಣ್ಣ ಭಾರ ಕಟ್ಟಿ ನೇತು ಹಾಕಿ. ಹಿಗ್ಗೋದೆಲ್ಲಾ ಹಿಗ್ಗಿರ್ಲಿ, ಇಲ್ಲಾಂದ್ರೆ ಹಾಕ್ಕೊಂಡ್ ತಿಂಗಳಲ್ಲಿ ಮುತ್ತಿನ ಮಧ್ಯ ದಾರ ಕಾಣೋಕೆ ಶುರು. ಒಂದೆಳೆ ಆದ್ರೆ ದಾರ ಸರದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಎರಡೆಳೆ ಆದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ. ಮೊದ್ಲು ದಾರದ ತುದೀಲಿ ಒಂದು ಗಂಟು ಹಾಕಿ ಒಂದು ಮುತ್ತು ಎಳೆದು ನೋಡಿ. ಗಂಟು ತೂತಿನ ಒಳಗೆ ನುಸುಳಿದ್ರೆ ದಾರ ಸಣ್ಣ ಆಯ್ತು, ಮುಂದಿನ ನಂಬರ್ ತಗೊಳ್ಳಿ.

ಗಂಟು ಹಾಕೋದು ಹೀಗೆ: ಮುತ್ತು ಪೋಣಿಸಿ, ದಾರದಲ್ಲಿ ಸಡಿಲವಾದ ಗಂಟು ಮಾಡಿ, ಬಿಗಿ ಮಾಡೋ ಮೊದ್ಲೇ ಆ ಗಂಟಿನ ಕಣ್ಣಿಗೆ ದಪ್ಪ ಸೂಜಿ ತೂರಿಸಿ, ಸೂಜಿಯಿಂದಾನೇ ಗಂಟನ್ನ ಮುತ್ತಿನ ಹತ್ರಕ್ಕೆ ಜಾರಿಸ್ಕೊಂಡು ಹೋಗಿ, ಮುತ್ತಿಗೆ ತಾಗಿದ್ಮೇಲೆ ಸೂಜಿ ತೆಗೆದು ಉಗುರಿಂದ ಒತ್ತಿ ಎಳೀರಿ. ಮೊದಲ ಹತ್ತು ಗಂಟು ಕೆಡುತ್ತೆ, ಹಳೇ ಪ್ಲಾಸ್ಟಿಕ್ ಮಣೀಲಿ ಅಭ್ಯಾಸ ಮಾಡ್ಕೊಂಡು ಆಮೇಲೆ ಮುತ್ತಿಗೆ ಬನ್ನಿ, ಅಭ್ಯಾಸ ಇಲ್ದೆ ನೇರ ಮುತ್ತಿಗೆ ಕೈ ಹಾಕೋದು ಬೇಡ. ಹುಕ್ ಸೇರೋ ಜಾಗದಲ್ಲಿ ಆರಿ ವರ್ಕ್‌ಗೆ ಹಾಕೋ ಸ್ಪ್ರಿಂಗ್ ತರದ ಜರ್ದೋಸಿ 1 ಸೆಂಮೀ ತುಂಡು ದಾರಕ್ಕೆ ತೊಡಿಸಿ, ಲೋಹ ದಾರಾನ ಉಜ್ಜಲ್ಲ.

ಕೊನೇ ಗಂಟಿಗೆ ಇನ್‌ಸ್ಟಂಟ್ ಗಮ್ ಬಿಡ್ಬೇಡಿ. ರೇಷ್ಮೆ ಕಲ್ಲಿನ ತರ ಗಟ್ಟಿಯಾಗಿ ಅಲ್ಲೇ ಮುರಿಯುತ್ತೆ, ಪಕ್ಕದ ಮುತ್ತಿನ ಮೇಲೆ ಬಿಳೀ ಮಬ್ಬು ಕೂರುತ್ತೆ, ಹೋಗಲ್ಲ. ಸೂಜಿ ತುದೀಲಿ ಬಣ್ಣ ಇಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆ ಸಾಕು. ನೇಲ್ ಪಾಲಿಶ್ ರಿಮೂವರ್ ಮಾತ್ರ ಹತ್ರಾನೂ ತರ್ಬೇಡಿ, ಆರ್ಟಿಫಿಶಿಯಲ್ ಮುತ್ತಿನ ಬಣ್ಣಾನೇ ಎದ್ದು ಬರುತ್ತೆ. ಬಿಚ್ಚಿದಾಗ ತೊಳೆದುಬಿಡೋಣ ಅಂತ ಹುಣಸೆಹಣ್ಣು, ನಿಂಬೆರಸ ಹಾಕೋರಿದಾರೆ, ಬೆಳ್ಳಿಗೆ ಸರಿ ಇರ್ಬೋದು, ಮುತ್ತು ಹವಳ ಎರಡೂ ಸುಣ್ಣದ ಅಂಶದವು, ಹುಳಿಗೆ ಕರಗುತ್ತೆ. ಒದ್ದೆ ಮೆತ್ತನೆ ಬಟ್ಟೇಲಿ ಒರೆಸಿ ನೆರಳಲ್ಲಿ ಒಣಗಿಸಿ, ಅಷ್ಟೇ.

ಹಂತ 9: ಕೊಂಡಿ ಸರ, ಎರಡೆಳೆ ಮೂರೆಳೆ ಸರ

ಕೊಂಡಿ ಸರ ಎಲ್ಲಕ್ಕಿಂತ ಸುಲಭ, ದಾರ ಇಲ್ಲ, ಚೆಲ್ಲಲ್ಲ. ಹುಕ್ ಹತ್ರದ ಸುರುಳೀನ ಜಂಪ್ ರಿಂಗ್ ತರಾನೇ ಪಕ್ಕಕ್ಕೆ ತಿರುಗಿಸಿ, ಬೇಕಾದಷ್ಟು ಮಣಿ ಬಿಡಿಸಿ ಮತ್ತೆ ಸೇರಿಸಿ.

ಮೂರೆಳೆ ಸರದಲ್ಲಿ ಒಂದೊಂದು ಎಳೆ ಉದ್ದಾನೂ ಬೇರೆ ಬೇರೆ ಇರುತ್ತೆ, ಅದಕ್ಕೇ ಒಂದರ ಕೆಳಗೊಂದು ಚೆಂದ ಬೀಳೋದು. ಮೂರರಿಂದಾನೂ ಒಂದೇ ಅಳತೆ ತೆಗೀರಿ, ಮಣಿ ಲೆಕ್ಕ ಅಲ್ಲ ಅಳತೆ ಲೆಕ್ಕ, ಮಣಿ ಗಾತ್ರ ಬೇರೆ ಇರ್ಬೋದು. ಒಳಗಿನ ಗಿಡ್ಡ ಎಳೆಯಿಂದ ಶುರು ಮಾಡಿ, ಕತ್ತಿಗೆ ಬಿಗಿ ಆಗೋದಿದ್ರೆ ಅಲ್ಲೇ ಮೊದ್ಲು ಗೊತ್ತಾಗುತ್ತೆ.

ಉದ್ದ ಮಾಡೋಕೆ ಅದೇ ಬಣ್ಣದ ಮಣಿ ಸಿಗೋದು ಕಷ್ಟ, ಹವಳದ ಕೆಂಪು ಒಂದಕ್ಕೊಂದು ಸೇರಲ್ಲ. ಸುಮ್ನೆ ಅಲೆದಾಡ್ಬೇಡಿ, ಸಣ್ಣ ಗೋಲ್ಡನ್ ಗುಂಡುಗಳನ್ನ ಹುಕ್ ಹತ್ರ ಎರಡೂ ಕಡೆ ಸಮ ಸೇರಿಸಿ, ಬೇಕಂತ್ಲೇ ಮಾಡ್ಸಿದ ಹಾಗೆ ಕಾಣುತ್ತೆ.

ಹಂತ 10: ಹಾಕ್ಕೊಳ್ಳೋ ಮೊದ್ಲು ಪರೀಕ್ಷೆ

ಮುಗಿದ ತಕ್ಷಣ ಫಂಕ್ಷನ್‌ಗೆ ಹಾಕ್ಕೊಂಡು ಹೋಗ್ಬೇಡಿ. ಒಂದು ರಾತ್ರಿ ಮೊಳೆಗೆ ನೇತು ಹಾಕಿ, ಕೆಳಗೆ ಟವೆಲ್ ಇರ್ಲಿ. ಬೆಳಿಗ್ಗೆ ಮತ್ತೆ ಅಳೀರಿ. ಉದ್ದ ಆಗಿದ್ರೆ ಲಾಕ್ ಜಾರ್ತಿದೆ ಇಲ್ಲಾ ದಾರ ಹಿಗ್ಗಿದೆ. ಆಮೇಲೆ ಮನೇಲೇ ಒಂದು ದಿನ ಹಾಕ್ಕೊಂಡು ಕೆಲಸ ಮಾಡಿ, ಬಗ್ಗಿ ಏಳಿ. ಕತ್ತಿನ ಹಿಂದೆ ಚುಚ್ಚಿದ್ರೆ ಲಾಕ್ ಅಂಚು ಚೂಪಾಗಿದೆ, ಅದೇ ಅಂಚು ನಾಳೆ ವೈರನ್ನೂ ಕೊಯ್ಯುತ್ತೆ, ಬದಲಾಯಿಸಿ.

ಆಮೇಲೂ ಕೆಲವು ಗುರುತು ಕಂಡ್ರೆ ಆ ದಿನಾನೇ ಸರ ತೆಗೆದಿಡಿ: ಮಣಿ ಮಧ್ಯ ಮೊದ್ಲಿಲ್ಲದ ಜಾಗ, ದಾರದಲ್ಲಿ ನಯವಾದ ಕೂದಲು ಎದ್ದಿರೋದು, ಹುಕ್ ಹತ್ರ ವೈರ್ ಒಂದೇ ಕಡೆಗೆ ಮಡಚ್ಕೊಂಡಿರೋದು, ಪದಕ ಪದೇ ಪದೇ ಒಂದೇ ಪಕ್ಕಕ್ಕೆ ಹೋಗೋದು. ದಿನಾ ಹಾಕೋ ಮುತ್ತಿನ ಸರಕ್ಕೆ ಬೆವರು, ಸೆಂಟು, ಪೌಡರ್ ಎಲ್ಲಾ ದಾರಕ್ಕೇ ಇಳಿಯುತ್ತೆ, ವರ್ಷ ಎರಡು ವರ್ಷಕ್ಕೆ ಒಂದ್ಸಲ ಚೆನ್ನಾಗಿದ್ರೂ ದಾರ ಬದಲಾಯಿಸಿ.

ತೆಗೆದ ಮಣಿಗಳನ್ನ ಎಸೀಬೇಡಿ. ಒಂದು ಜಿಪ್ ಕವರ್‌ಗೆ ಹಾಕಿ, ಯಾವ ಸರದ್ದು, ಎಷ್ಟು ಇಂಚು ಇತ್ತು, ಎಷ್ಟು ಮಾಡಿದ್ರಿ, ಯಾವ ತಾರೀಕು ಅಂತ ಚೀಟಿ ಬರೆದು ಅದೇ ಸರದ ಡಬ್ಬೀಲಿಡಿ. ಮಗಳು ಬೆಳೆದು ಅದನ್ನೇ ಉದ್ದ ಮಾಡ್ಕೊಡಮ್ಮ ಅಂತ ಕೇಳಿದಾಗ ಆ ಆರು ಮಣಿ ಎಲ್ಲೂ ಸಿಗಲ್ಲ.